ಅರಿಷಿಣ ಹಚ್ಚದ ಪತ್ರ

ಬೆಟಗೇರಿ, ಸೋಮವಾರ

ಲಕ್ಷ್ಮೇಶ್ವರದ ಕೊಟ್ರಪ್ಪಣ್ಣಗ,

ಫೋನಿನ್ಯಾಗ ಆದ್ರ ನೀ ಮಾತು ಹೊಳ್ಳಿಸ್ತಿ, ಅದಕ್ಕ ಬರದೇನಿ.

ಪ್ರದರ್ಶನಕ್ಕ ಇಡ್ತೀನಿ ಅಂತ ನನ್ನ ಗಂಡನ ಸ್ಟ್ಯಾಂಪಿನ ಆಲ್ಬಮ್ಮಿನಿಂದ ಅಪರೂಪದ ಸುರುಳಿ ಸ್ಟ್ಯಾಂಪು ಒಯ್ದಿ. ಹೊಳ್ಳಿ ಕೊಟ್ಟದ್ದು ಅದಲ್ಲ. ಸ್ಟ್ಯಾಂಪು ಮಾರೂ ಮಷೀನಿನ ಸುರುಳಿಯೊಳಗ ಬಂದ ಸ್ಟ್ಯಾಂಪಿಗೆ ಎಡಕ್ಕ ಬಲಕ್ಕ ಅಂಚಿನ ಹಲ್ಲು ಇರೂದಿಲ್ಲ, ಖರೆ. ಹಂಗಂತ ಸಾದಾ ಸ್ಟ್ಯಾಂಪಿನ ಹಲ್ಲು ಕತ್ತರಿಸಿ ಕೊಟ್ರ ನಡೀತೈತೇನು? ಅದನ್ನ ಅಂಥಾದ ಇನ್ನೊಂದು ಸಾದಾ ಸ್ಟ್ಯಾಂಪಿನ ಮ್ಯಾಲಿಟ್ಟು ನೋಡಿದೆ. ಖರೇ ಸುರುಳಿದಾಗಿದ್ರ ಅಗಲ ಸರಿ ಬರತಿತ್ತು. ನಿಂದು ಎರಡೂ ಕಡಿ ಕಮ್ಮಿ ಬಿತ್ತು. ನಿನ್ನ ಬಟ್ಟಿ ಅಂಗಡ್ಯಾಗ ಅಳತಿಗಿಂತ ಕಮ್ಮಿ ಅರಿವಿ ಹರದು ಹರದು ನಿನ್ನ ಕೈಗೆ ಅದ ರೂಢಿ ಬಿದ್ದೈತಿ.

ಗಂಡ ಸತ್ತಾಕಿಗೆ ಏನು ತಿಳೀತೈತಿ ಅಂದುಕೊಂಡ್ಯಾ? ಅವರು ಇರೂತನಕ ಬಾಜೂಕ ಕುಂತು ಸ್ಟ್ಯಾಂಪು ಎತ್ತೂ ಚಿಮಟಾ ಹಿಡದಾಕಿ ನಾನ.

ಖರೇದನ್ನ ಐತವಾರದೊಳಗ ತಂದುಕೊಡು. ಬರುವಾಗ ಎಲಿ-ಅಡಿಕಿ ತರಬ್ಯಾಡ. ನಿನ್ನ ಮಗ ವಿಶಾಲಗ ನನ್ನ ಮಗಳು ಸ್ನೇಹಾನ ಕೇಳಿದ್ದಿ. ಒಪ್ಪಿಗಿ ಪತ್ರ ಆಗಿದ್ರ ನಾಕೂ ಮೂಲಿಗೆ ಅರಿಷಿಣ ಹಚ್ಚತಿದ್ದೆ. ಈ ಪತ್ರದ ಮೂಲಿಗೆ ನೀ ಕತ್ತರಿಸಿದ ಸ್ಟ್ಯಾಂಪನ್ನ ಗೋಂದು ಹಚ್ಚಿ ಅಂಟಿಸೇನಿ. ಅದ ನನ್ನ ಉತ್ತರ.

ನಿನ್ನ ಬೆನ್ನಿಗೆ ಹುಟ್ಟಿದಾಕಿ,
ನೀಲಗಂಗವ್ವ