ತಾಯಿಯ ಕೋರಿಕೆ

ಮಾರ್ಚ್ ೧೪, ಗುರುವಾರ.

ಮಗು ಹುಟ್ಟಬೇಕಿದ್ದದ್ದು ಇವತ್ತು. ಹುಟ್ಟಿಸಿ, ಕಳೆದುಕೊಂಡು, ಆಗಲೇ ಹದಿಮೂರು ದಿನವಾಯಿತು.

ಆಸ್ಪತ್ರೆಯ ಕಡತ ಕೊನೆಗೂ ಕೈಗೆ ಬಂತು. ‘ತಾಯಿಯ ಕೋರಿಕೆಯ ಮೇರೆಗೆ ನೋವು ಬರಿಸಲಾಯಿತು’ ಎಂದು ಬರೆದಿದ್ದಾರೆ. ನನ್ನ ಕೋರಿಕೆಯಂತೆ! “ಮುಂದಿನ ವಾರದಿಂದ ನಾನು ರಜೆ ಕಣಮ್ಮ, ಅಷ್ಟರೊಳಗೆ ಮುಗಿಸಿಬಿಡೋಣ” ಅಂದವರು ಡಾಕ್ಟರು. ಡ್ರಿಪ್ ಹಾಕಿಸಿ ಹೋದವರು ಐದು ತಾಸು ಇತ್ತ ತಲೆ ಹಾಕಲಿಲ್ಲ. ಮಗುವಿನ ಎದೆಬಡಿತದ ಅಂಕಿ ಇಳಿಯುತ್ತಿದೆ ಎಂದು ಅಕ್ಕ ಎರಡು ಸಲ ಓಡಿಹೋಗಿ ಹೇಳಿದಳು. “ಮೊದಲನೇದಲ್ವಾ, ಹಾಗೇ ಇರುತ್ತೆ” ಅಂದಳು ನರ್ಸ್. ಅದ್ಯಾವುದೂ ಕಡತದಲ್ಲಿಲ್ಲ.

“ಅದರ ಕೆಳಗಿರೋ ಸಹಿ ನಿಂದೇ ತಾನೇ?” ಅಂದರು ಇವರು. ಹೌದು, ನನ್ನದೇ. ಹಲ್ಲುಕಿರಿದು “ನಿಮಗೆ ಯಾವಾಗ ಅನುಕೂಲವೋ ಆವಾಗ್ಲೇ ಮಾಡಿ ಡಾಕ್ಟ್ರೇ” ಅಂದವಳೂ ನಾನೇ. ಮರ್ಯಾದೆಗೆ ಆಡಿದ ಮಾತು. ನಾನು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ, ಆ ಮಾತೊಂದು ಮಾತ್ರ ಕಡತ ಸೇರಿತು.