ಮದುವೆ ಗಾಡಿಗೆ ಎರಡು ಕನ್ನಡಿ

7 ನವೆಂಬರ್ 2004, ಭಾನುವಾರ

ಅಂಗಡಿಗೆ ಅರ್ಧ ದಿನ ರಜೆ. ಸಿಮೆಂಟ್ ಲೋಡು ಬೆಳಿಗ್ಗೆಯೇ ಇಳಿಸಿ ಆಯಿತು. ಆಮೇಲೆ ಗಾಡಿ ತೊಳೆದೆ. ಇಡೀ ಸಾರಕ್ಕಿಯಲ್ಲಿ ಇಂಥ ಗಾಡಿ ಇನ್ನೊಂದಿಲ್ಲ — ಎರಡೇ ಸೀಟು, ಮೇಲೆ ಟಾಪ್ ಇಲ್ಲ, ಮೈಯೆಲ್ಲ ಫೈಬರ್. ಇಬ್ಬರು ಗಟ್ಟಿಗರು ಹಿಡಿದೆತ್ತಿದರೆ ಹಿಂದಿನ ಚಕ್ರ ಮೇಲೇಳುತ್ತದೆ. ರೇಸ್ ಹುಚ್ಚಿನವನೊಬ್ಬನಿಂದ ಹೋದ ವರ್ಷ ತಂದದ್ದು. ಭಾರ ಕಡಿಮೆಯಾಗಲಿ ಎಂದು ಇದ್ದಬದ್ದ ಕನ್ನಡಿಗಳನ್ನೆಲ್ಲ ಕಿತ್ತು ಹಾಕಿದ್ದ ಪುಣ್ಯಾತ್ಮ. ನನಗೆ ಮಿರರ್ ಯಾಕೆ, ಹಿಂದೆ ಬರುವ ಗಾಡಿಯನ್ನು ಹಾರ್ನ್ ಕೇಳಿಯೇ ಗುರುತು ಹಿಡಿಯುವವನು ನಾನು — ಹಾಗಂತ ಊರಿಗೆಲ್ಲ ಹೇಳಿಕೊಂಡು ಬಂದೆ.

ಈಗ ಬೇಕು.

ಅಂಗಡಿಯ ಅಟ್ಟದಿಂದ ಬಿದ್ದ ಮೇಲೆ ಕತ್ತು ಬಲಕ್ಕೆ ತಿರುಗುತ್ತಿಲ್ಲ. ತಿರುಗಿಸಿದರೆ ಭುಜದವರೆಗೂ ಬೆಂಕಿ. ಡಾಕ್ಟರು ಕೊರಳಿಗೆ ಪಟ್ಟಿ ಕೊಟ್ಟರು, ಗಾಡಿ ಮುಟ್ಟಬೇಡಿ ಅಂದರು. ಪಟ್ಟಿ ಪೈಂಟ್ ಡಬ್ಬಗಳ ಹಿಂದೆ ಬಿದ್ದಿದೆ. ಮನೆಯವಳೊಬ್ಬಳಿಗೆ ಗೊತ್ತು. ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡಿದ್ದೇನೆ.

ಇಪ್ಪತ್ತೆಂಟಕ್ಕೆ ಅಕ್ಕನ ಮಗಳು ಅರ್ಪಿತಾಳ ಮದುವೆ. ಬಾವ ತೀರಿಹೋದಾಗ ಅದಕ್ಕೆ ಹಾಲುಹಲ್ಲು ಬಿದ್ದಿರಲಿಲ್ಲ. ಸ್ಕೂಲಿಗೂ ಕಾಲೇಜಿಗೂ ಬಿಟ್ಟು ಬಂದವನು ನಾನು. ಹೆಣ್ಣನ್ನು ಮಂಟಪಕ್ಕೆ ಕರೆತರುವುದು ನಮ್ಮಲ್ಲಿ ಸೋದರಮಾವನ ಹಕ್ಕು. ನಾನು ಅಷ್ಟಕ್ಕೇ ನಿಲ್ಲಬೇಕಲ್ಲ? ಮನೆ ಬಾಗಿಲಿಂದಲೇ ಓಪನ್ ಕಾರಿನಲ್ಲಿ ಛತ್ರಕ್ಕೆ ಕರೆತರ್ತೀನಿ ಎಂದು ಲಗ್ನಪತ್ರಿಕೆಯ ದಿನ ನೂರು ಜನರೆದುರು ಹೇಳಿಬಿಟ್ಟೆ.

ತಮ್ಮ ಹನುಮಯ್ಯ ನಕ್ಕ. "ಕರ್ಕೊಂಡ್ ಬಾ ಅಣ್ಣ. ಆಗ್ಲಿಲ್ಲ ಅಂದ್ರೆ ನನ್ ಕ್ವಾಲಿಸ್ ಇದ್ದೇ ಇದೆಯಲ್ಲ."

ಅವನೂ ಸೋದರಮಾವನೇ. ಕತ್ತಿನ ಸುದ್ದಿ ಅವನ ಕಿವಿಗೆ ಬಿದ್ದರೆ ಮುಗಿಯಿತು.

9 ನವೆಂಬರ್, ಮಂಗಳವಾರ

ಜೆ.ಸಿ. ರೋಡಿಗೆ ಹೋಗಿ ಒಂದು ಜೊತೆ ಮಿರರ್ ತಂದೆ. ಅಂಗೈಯಗಲದ ದುಂಡು ಕನ್ನಡಿ, ಹಿಂದೆ ಸ್ಟೀಲ್ ಬಟ್ಟಲು. ಥಳಥಳ. ಅಂಗಡಿಯವನು "ಫಿಟ್ಟಿಂಗ್‌ಗೆ ಹುಡುಗನ್ನ ಕಳಿಸ್ಲಾ ಸಾರ್?" ಅಂದ. ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದ ಕೈ ಇದು ಅಂದೆ. ಬಿಲ್ ಬರೆದುಕೊಟ್ಟ.

11 ನವೆಂಬರ್. ರಾತ್ರಿ.

ಡೋರಿನ ನಡುಮಧ್ಯೆ ಎರಡೂ ಕಡೆ ತೂತು ಕೊರೆದು ಕೂರಿಸಿದೆ. ದೂರ ನಿಂತು ನೋಡಿದರೆ ಆಹಾ, ಮದುಮಗಳ ಕಿವಿಯೋಲೆಯೇ. ಸೀಟಿನಲ್ಲಿ ಕೂತೆ.

ಕಾಣಿಸಲಿಲ್ಲ. ಅಷ್ಟು ಹಿಂದೆ ಕೂರಿಸಿದ ಮಿರರ್ ನೋಡಬೇಕಾದರೆ ಕತ್ತು ಬಲಕ್ಕೆ ತಿರುಗಿಸಬೇಕು. ಕತ್ತು ತಿರುಗದಿದ್ದಕ್ಕೇ ಅಲ್ಲವೇ ಮಿರರ್ ತಂದದ್ದು? ಎಂಥ ದಡ್ಡ! ಆ ಸಿಟ್ಟಿನಲ್ಲಿ ನಟ್ಟನ್ನು ಇನ್ನೊಂದು ಸುತ್ತು ಬಿಗಿದೆ. ಟಪ್ ಅಂತು. ತೂತಿನ ಸುತ್ತ ಜೇಡರಬಲೆಯ ಹಾಗೆ ಬಿರುಕು.

ಊಟ ಸೇರಲಿಲ್ಲ.

14 ನವೆಂಬರ್, ಭಾನುವಾರ

ಮಹಡಿ ಮನೆಯ ಬಾಡಿಗೆಯವನು ಸಿದ್ದಾರೂಢ, ಹುಬ್ಬಳ್ಳಿ ಕಡೆಯವನು. ಫೈಬರ್ ಶೀಟ್ ಫ್ಯಾಕ್ಟರಿಯಲ್ಲಿ ಕೆಲಸ. ಬಿರುಕು ನೋಡಿ ತಲೆ ಚಚ್ಚಿಕೊಂಡ.

"ಏನ್ರೀ ಓನರ್ರ, ಇದನ್ನೇನ್ ಟ್ರ್ಯಾಕ್ಟರ್ ಅಂತ ತಿಳ್ಕೊಂಡೀರೇನು? ಹಪ್ಪಳ ಐತ್ರೀ ಇದು! ಹಿಂಗ ಬಿಗಿದ್ರ ಮುರೀಲಾರ್ದ ಏನ್ ಮಾಡತೈತಿ?"

"ಮೆಟೀರಿಯಲ್ ಸರಿ ಇಲ್ಲ ಕಣಯ್ಯ" ಅಂದೆ.

"ಹೌದ್ ಹೌದು, ಮೆಟೀರಿಯಲ್ ತಪ್ಪು. ಓನರ್‌ಗೋಳು ಎಂದರ ತಪ್ಪ ಮಾಡತಾರೇನು?"

ಬಾಡಿಗೆ ಏರಿಸಬೇಕು ಇವನಿಗೆ. ಆದರೆ ಬಿರುಕನ್ನು ಮೆತ್ತಿ ಉಜ್ಜಿ ಮುಚ್ಚಿದ. ಮಿರರ್ ಮುಂದಕ್ಕೆ, ಮುಂದಿನ ಗಾಜಿನ ಕಂಬದ ಬುಡಕ್ಕೆ ಹಾಕು ಅಂದೆ.

"ಅಷ್ಟ್ ಮುಂದ ಯಾಕ್ರೀ?"

"ರೇಸ್ ಗಾಡಿಯಲ್ಲಿ ಹಂಗೇ ಇರೋದು. ನಿಂಗೇನ್ ಗೊತ್ತು."

ಅವನು ನನ್ನ ಮುಖ ನೋಡಿದ. ಕತ್ತಿನ ಮೇಲೆ ಕಣ್ಣು ಬಿತ್ತೋ ಏನೋ. ಅದೇ ಭಯ.

17 ನವೆಂಬರ್, ಬೆಳಿಗ್ಗೆ

ಕನಕಪುರ ರಸ್ತೆಯಲ್ಲಿ ಒಂದು ರೌಂಡ್. ಈಗ ಕತ್ತು ಅಲ್ಲಾಡಿಸದೆ ಮಿರರ್ ಕಾಣುತ್ತದೆ. ಮಿರರಿನಲ್ಲಿ ಏನೂ ಕಾಣುವುದಿಲ್ಲ. ಇಂಜಿನ್ ಸ್ವಲ್ಪ ಜೋರಾದರೆ ಇಡೀ ಗಾಡಿ ನಡುಗುತ್ತದೆ, ಗಾಡಿ ಜೊತೆ ಕನ್ನಡಿ ನಡುಗುತ್ತದೆ. ಹಿಂದೆ ಬಂದ ಒಂದು ಬಸ್ಸು ನಾಲ್ಕಾಯಿತು. ಯಾವ ಬಸ್ಸಿಗೆ ದಾರಿ ಬಿಡಲಿ? ಎಡಕ್ಕೆ ಎಳೆದು ನಿಲ್ಲಿಸಿದೆ. ಗಾಡಿ ಇಷ್ಟು ತಗ್ಗು — ಬಸ್ಸಿನ ಚಕ್ರ ನನ್ನ ಕಿವಿಯ ಮಟ್ಟಕ್ಕೆ ಹಾದುಹೋಯಿತು.

ಪಕ್ಕದ ಖಾಲಿ ಸೀಟು ನೋಡಿದೆ. ಮದುವೆ ದಿನ ಅಲ್ಲಿ ನಮ್ಮ ಅರ್ಪಿತಾ ಕೂರುತ್ತಾಳೆ.

ಹನುಮಯ್ಯನಿಗೆ ಹೇಳಿಬಿಡಲೇ? ಬಾಯಿವರೆಗೆ ಬರುತ್ತದೆ...

21 ನವೆಂಬರ್

ಸಿದ್ದಾರೂಢ ಒಳಗಡೆಯಿಂದ ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ನಡುವೆ ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಇಟ್ಟ. ನಡುಕ ನಿಂತಿತು! ಬನಶಂಕರಿ ದೇವಸ್ಥಾನದವರೆಗೆ ಹೋಗಿ ಬಂದೆ. ಬಲಗಡೆ ಬಂದ ಆಟೋದವನ ಖಾಕಿ ಗುಂಡಿ ಕೂಡ ಎಣಿಸಬಹುದು. ಹಣ್ಣುಕಾಯಿ ಮಾಡಿಸಿದೆ. ಎರಡು ವಾರ ಆದ ಮೇಲೆ ನೆಟ್ಟಗೆ ಉಸಿರಾಡಿದ್ದು ಇವತ್ತು.

ದಾರಿಯಲ್ಲಿ ಹನುಮಯ್ಯನ ಮನೆ ಮುಂದೆ ಸುಮ್ಮನೆ ಎರಡು ಸಲ ಹಾರ್ನ್ ಹೊಡೆದೆ.

27 ನವೆಂಬರ್, ಶನಿವಾರ. ತ್ಯಾಗರಾಜನಗರ, ಅಕ್ಕನ ಮನೆ.

ಕೆಟ್ಟಿತು. ನಾನೇ ಕೆಡಿಸಿದೆ.

ಸಂಜೆ ಮದುವೆ ಗಾಡಿಗೆ ಪೂಜೆ. ಹೂವು, ನಿಂಬೆಹಣ್ಣು, ಬೂದುಗುಂಬಳ, ಎಲ್ಲ ಬಂತು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಕ್ಕ ಬಾಗಿಲೊಳಗೇ ನಿಂತಿದ್ದಳು. ಮುತ್ತೈದೆಯರಿಗೆ ಕೊಟ್ಟು ಹಿಂದೆ ಸರಿಯುವ ಯೋಚನೆ. ನನಗೆ ತಡೆಯಲಾಗಲಿಲ್ಲ.

"ಮರಿಯಕ್ಕ, ನೀನೇ ಇಡು."

ಚಿಕ್ಕಮ್ಮ ಕೆಂಚವ್ವ ಶುರುಮಾಡಿದಳು. "ಇಷ್ಟು ಜನ ಮುತ್ತೈದೇರು ಇರೋವಾಗ ಅವಳ ಕೈಲಿ ಯಾಕಪ್ಪ? ಶುಭಕಾರ್ಯ..."

"ಗಾಡಿ ನಂದು, ಅಕ್ಕ ನಮ್ಮಕ್ಕ, ಮದ್ವೆ ಅವಳ ಮಗಳದ್ದು. ಅವಳೇ ಇಡೋದು. ಆಗ್ದಿದ್ದೋರು ಒಳಗೋಗಿ ಕೋಸಂಬ್ರಿ ತಿನ್ನಿ!"

ಬೀದಿಯೆಲ್ಲ ಕೇಳುವ ಹಾಗೆ ಕೂಗಿದೆ. ಅಕ್ಕ ಮೆಟ್ಟಿಲಿಳಿದು ಬಂದಳು. ಬಾವ ಹೋದ ಮೇಲೆ ಅವಳು ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದ್ದನ್ನು ನಾನು ನೋಡಿಲ್ಲ. ಬಾನೆಟ್ಟಿನ ಹತ್ತಿರ ಹೋಗಿ ತಡೆದು ನಿಂತಳು. "ಪೈಂಟ್ ಹಾಳಾಗುತ್ತೆ ಅಂತ ಆಯುಧಪೂಜೇಲಿ ಎಲ್ರನ್ನೂ ಬೈತೀಯಲ್ಲೋ ತಿಮ್ಮ. ಇಲ್ಲಿಡ್ತೀನಿ ಬಿಡು. ಕನ್ನಡಿ ಅಂದ್ರೆ ಲಕ್ಷ್ಮಿ" ಎಂದು ನೇರವಾಗಿ ಮಿರರ್ ಗಾಜಿಗೆ ಇಟ್ಟಳು. ಬೊಟ್ಟು ಇಟ್ಟಿದ್ದರೆ ಸರಿ. ಅರಿಶಿನ ನೆನೆಸಿ ಇಡೀ ಗಾಜಿಗೆ ಬಳಿದು, ಅದರ ಮೇಲೆ ಕಾಸಿನಗಲ ಕುಂಕುಮ. ಎರಡಕ್ಕೂ. ಬಳಿಯುತ್ತಾ ಬಳಿಯುತ್ತಾ ಅವಳ ಮುಖ ಬೆಳಗಿತು. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ಆ ಕನ್ನಡಿಯಲ್ಲಿ ಇನ್ನು ಏನು ಕಂಡೀತು?

ಎಲ್ಲರೂ ಒಳಗೆ ಹೋದ ಮೇಲೆ ಗಾಡಿಯ ಹತ್ತಿರ ಹೋದೆ. ಬಲಗಡೆಯದ್ದನ್ನು ಒಂದು ಅಂಚು ಒರೆಸಿದರೂ ಸಾಕು. ಹೆಬ್ಬೆರಳು ಗಾಜಿನವರೆಗೆ ಹೋಗಿ ವಾಪಸ್ ಬಂತು. ಮದುವೆ ಹೆಣ್ಣಿನ ಗಾಡಿಯ ಕುಂಕುಮ. ಅದೂ ಅಕ್ಕ ಇಟ್ಟದ್ದು. ಒರೆಸಿದ್ದು ಬೆಳಿಗ್ಗೆ ಅವಳ ಕಣ್ಣಿಗೆ ಬಿದ್ದರೆ? ಕೆಂಚವ್ವನ ಕಣ್ಣಿಗೆ ಬಿದ್ದರೆ? "ನಾನ್ ಹೇಳ್ಲಿಲ್ವಾ, ಅವಳ ಕೈಲಿ ಇಡಿಸಿದ್ದು ನಿಲ್ಲಲಿಲ್ಲ" ಅನ್ನುತ್ತಾಳೆ. ಅಕ್ಕ ಇನ್ನು ಜನ್ಮದಲ್ಲಿ ಬಾಗಿಲು ದಾಟಿ ಬರುವುದಿಲ್ಲ.

ಒರೆಸುವ ಹಾಗಿಲ್ಲ. ಒರೆಸದೆ ಓಡಿಸುವ ಹಾಗಿಲ್ಲ. ಹೆಣ್ಣನ್ನು ಹನುಮಯ್ಯನ ಕ್ವಾಲಿಸ್ಸಿನಲ್ಲಿ ಕಳಿಸಿದರೆ... ಅಕ್ಕ ಪೂಜೆ ಮಾಡಿದ ಗಾಡಿ ಮನೆ ಮುಂದೆಯೇ ನಿಲ್ಲುತ್ತದೆ. ಅದಕ್ಕೂ ಅದೇ ಮಾತು ಬರುತ್ತದೆ.

ನಿದ್ದೆ ಇಲ್ಲ.

28 ನವೆಂಬರ್, ಭಾನುವಾರ. ಛತ್ರದ ಕೋಣೆ.

ಬಂದೆವು. ಹೆಣ್ಣಿಗೆ ಒಳಗೆ ಅಲಂಕಾರ ಸರಿಮಾಡುತ್ತಿದ್ದಾರೆ, ಅಷ್ಟರಲ್ಲಿ ಬರೆದುಬಿಡುತ್ತೇನೆ.

ಮನೆಯಿಂದ ಹೊರಟದ್ದೇ ಮೊದಲ ತಿರುವಿನಲ್ಲಿ ಬಲಕ್ಕೆ ಎಳೆದೆ. ಹಿಂದಿನಿಂದ ಸ್ಕೂಟರಿನವನು ಕಿರ್ರೆಂದು ಬ್ರೇಕ್ ಹಾಕಿ, "ಕಣ್ ಕಾಣಲ್ವಾ ಯಜಮಾನ್ರೇ?" ಅಂದ. ಪಕ್ಕಕ್ಕೆ ನಿಲ್ಲಿಸಿದೆ. ಹಿಂದೆ ಹನುಮಯ್ಯನ ಕ್ವಾಲಿಸ್ಸೂ ನಿಂತಿತು. ಅದರಲ್ಲಿ ಅಕ್ಕ.

"ಏನಾಯ್ತು ಮಾವ?" ಅಂದಳು ಪಕ್ಕದ ಸೀಟಿನಿಂದ ಅರ್ಪಿತಾ.

ಹೇಳಿದೆ. ಕತ್ತು, ಪಟ್ಟಿ, ಕನ್ನಡಿ, ಕುಂಕುಮ, ಎಲ್ಲ. ಮುಂದೆ ನೋಡುತ್ತಲೇ ಹೇಳಿದೆ. ಅವಳು ಬಲಗಡೆಯ ಮಿರರ್ ನೋಡಿದಳು. ಕಣ್ಣು ಕೆಂಪಾಯಿತು.

"ಈಗ ಹೇಳ್ತಿದ್ದೀಯಾ? ಸಾಯ್ಸೋಕೆ ಕರ್ಕೊಂಡ್ ಹೊರಟ್ಯಾ ನನ್ನ?"

"ಇಳಿ ಮಗ. ಚಿಕ್ಕಮಾವನ ಗಾಡೀಲಿ ಹೋಗು. ಇಂಜಿನ್ ಕೆಟ್ಟೋಯ್ತು ಅಂತೀನಿ."

"ಅಮ್ಮಂಗೆ ಗೊತ್ತಾ?"

"ಇಲ್ಲ."

ಹಿಂದಿನ ಕ್ವಾಲಿಸ್ ಕಡೆ ನೋಡಿದಳು. ಆಮೇಲೆ ರೇಷ್ಮೆ ಸೀರೆಯ ನೆರಿಗೆ ಮಡಚಿ ಹಿಡಿದು, ಸೀಟಿನ ಮೇಲೆ ಮಂಡಿಯೂರಿ, ಹಿಂದುಮುಂದಾಗಿ ಕೂತಳು. ಮೊಗ್ಗಿನ ಜಡೆ ರಸ್ತೆಗೆ, ಮುಖ ಹಿಂದಿನ ಟ್ರಾಫಿಕ್ಕಿಗೆ.

"ನಿಧಾನಕ್ಕೆ ಹೋಗು. ನಾನ್ ಹೇಳಿದಾಗ ಮಾತ್ರ ತಿರುಗ್ಸು. ಮೆರೆಯೋಕೆ ಹೋಗ್ಬೇಡ."

"ಬಿದ್ದೀಯೇ!"

"ಸೀಟು ಹಿಡ್ಕೊಂಡಿದ್ದೀನಿ. ರೈಟ್ ರೈಟ್!"

ಥೇಟ್ ಬಸ್ ಕಂಡಕ್ಟರ್. "ಹೋಲ್ಡಾನ್... ಆಟೋ ಬಿಡು... ಇನ್ನೊಂದು ಬೈಕು... ಈಗ ರೈಟ್!" ದಾರಿಯುದ್ದಕ್ಕೂ ನೆಂಟರು, ಬಸ್ಸಿನವರು, ಹೂವಿನವರು ಬಾಯಿ ಬಿಟ್ಟು ನೋಡಿದರು. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿದರು. ನನ್ನ ಜನ್ಮದಲ್ಲಿ ಇಷ್ಟು ನಿಧಾನ ಓಡಿಸಿಲ್ಲ. ಒಂದೊಂದು ಸಿಗ್ನಲ್ಲಿನಲ್ಲೂ ದೇವರ ಹೆಸರು ಹೇಳಿದೆ.

ಛತ್ರದ ಮುಂದೆ ಇಳಿದಾಗ ಅಕ್ಕ ಓಡಿಬಂದಳು. "ಏನೋ ಇದು? ಮದ್ವೆ ಹೆಣ್ಣು ದಾರಿಯುದ್ದಕ್ಕೂ ಹಿಂದೆ ತಿರುಗಿ ಕೂತಿದ್ಲಲ್ಲೋ!"

ನಾನು ಬಾಯಿ ತೆರೆಯುವ ಮೊದಲೇ ಅರ್ಪಿತಾ ಅಂದಳು, "ನಿನ್ ಮುಖ ನೋಡ್ಕೊಂಡೇ ಹೋಗ್ಬೇಕು ಅನ್ನಿಸ್ತು ಕಣಮ್ಮ."

ನನಗೇ ಇಂಥ ಸುಳ್ಳು ಹೊಳೆಯುತ್ತಿರಲಿಲ್ಲ. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತಳು. ಸುಳ್ಳೇನೂ ಅಲ್ಲ ಬಿಡು. ಹಿಂದಿನ ಗಾಡಿಯಲ್ಲಿ ಅವಳೇ ಇದ್ದಳಲ್ಲ.

ಹೊರಗೆ ಓಲಗ ಜೋರಾಯಿತು. ಪುರೋಹಿತರು "ಸೋದರಮಾವ ಎಲ್ಲಿ?" ಅನ್ನುತ್ತಿದ್ದಾರೆ. ಹೋಗಬೇಕು. ಹೋಗುವ ಮೊದಲು ಅಕ್ಕನಿಗೊಂದು ಮಾತು ಹೇಳಬೇಕು — ಬೇರೆ ಮದುವೆಗಳಲ್ಲಿ ನಿಲ್ಲುವ ಹಾಗೆ ಹಿಂದುಗಡೆ ಕಂಬದ ಮರೆಯಲ್ಲಿ ನಿಂತುಬಿಡುತ್ತಾಳೆ, ಅಲ್ಲಿ ನಿಂತರೆ ನನಗೆ ತಿರುಗಿ ನೋಡಲು ಆಗುವುದಿಲ್ಲ, ಇವತ್ತು ಮಂಟಪದ ಮುಂದೆಯೇ, ನಡುಮಧ್ಯೆ, ನನ್ನ ಕಣ್ಣೆದುರಿಗೆ ಬಂದು ನಿಲ್ಲಬೇಕು ಅಂತ.