ಏಳನೇ ಕಾಲಂ

ಜನವರಿ 22

ಇವತ್ತು ನಲವತ್ತೆರಡು ಕೇಸು. ಬೆಳಗ್ಗೆಯೇ ಕರು ಹಾಕಿಯೂ ಮಾಸು ಬೀಳದ ಹಸು. ಭುಜದವರೆಗೆ ಕೈ ಹಾಕಿದ್ದು. ಎರಡು ಸಲ ಸೋಪು ಹಚ್ಚಿದರೂ ವಾಸನೆ ಹೋಗಿಲ್ಲ. ಮಾಲೀಕರಿಗೆ ಬರೆದುಕೊಡುವ ಚೀಟಿ ಪುಸ್ತಕ ಮುಗಿದು ವಾರವಾಯಿತು, ಇನ್ನೂ ಬಂದಿಲ್ಲ. ಎಲ್ಲರಿಗೂ ಬಾಯಲ್ಲೇ ಹೇಳಿ ಕಳಿಸುತ್ತಿದ್ದೇನೆ. ರಿಜಿಸ್ಟರ್ ಮಾತ್ರ ಬರೆಯುತ್ತೇನೆ.

ಒಂದೂವರೆಗೆ, ಬಾಗಿಲು ಹಾಕುವ ಹೊತ್ತಿಗೆ, ಬಿಳಿ ಹೆಣ್ಣು ಕುದುರೆ ಹಿಡಿದು ಒಬ್ಬರು ಬಂದರು. ಸಿದ್ದೀಕಾ. ಐವತ್ತರ ಆಸುಪಾಸು. ಹರಿಹರದ ಹೊಳೆ ಕಡೆಯ ಓಣಿಯಿಂದ ನಡೆಸಿಕೊಂಡೇ ಬಂದಿದ್ದಾರೆ. ಗಂಡ ಟಾಂಗಾ ಓಡಿಸುತ್ತಿದ್ದರಂತೆ, ತೀರಿಕೊಂಡು ಆರು ವರ್ಷ. ಈಗ ಕುದುರೆಯನ್ನು ಮದುವೆ ಮೆರವಣಿಗೆಗೆ ಕಳಿಸುತ್ತಾರೆ. ಹೆಸರು ನೂರಿ. ಒಂಬತ್ತು ವರ್ಷ.

"ಮೂರು ದಿನದಿಂದ ಮೂಗು ಸೋರ್ತೈತ್ರಿ ಡಾಕ್ಟರಮ್ಮ. ಒಂದೇ ಕಡೆ. ಹುರುಳಿ ಇಟ್ಟರೂ ಮುಖ ತಿರುಗಿಸ್ತಾಳೆ."

ಎಡ ಹೊಳ್ಳೆಯಲ್ಲಿ ಅಂಟಂಟು ಹಳದಿ ಸಿಂಬಳ. ಜ್ವರ ನೂರಾ ಮೂರು. ದವಡೆಯ ಕೆಳಗೆ ಗಂಟು. ಗಟ್ಟಿ, ಒತ್ತಿದರೆ ನೋವಿಲ್ಲ. ರಕ್ತ ತೆಗೆದು ಬೆಂಗಳೂರಿಗೆ ಕಳಿಸಬೇಕೇ ಎಂದು ಒಂದು ಕ್ಷಣ ಅನ್ನಿಸಿತು. ಐಸ್, ಫಾರ್ಮು, ಕೊರಿಯರ್... ಮೂರಕ್ಕೆ ದಾವಣಗೆರೆಯಲ್ಲಿ ಲಸಿಕೆ ಮೀಟಿಂಗ್ ಬೇರೆ. ರಿಜಿಸ್ಟರಿನಲ್ಲಿ 'ಶೀತ' ಎಂದು ಬರೆದೆ. ಐದು ದಿನ ಇಂಜೆಕ್ಷನ್.

"ಗಾಬರಿ ಪಡಂಥದ್ದು ಏನಿಲ್ಲ ಅಲ್ರಿ?"

"ಥಂಡಿ ಅಷ್ಟೇ."

ಮೀಟಿಂಗ್ ನಾಲ್ಕೂವರೆಗೆ ಶುರುವಾಯಿತು.

ಜನವರಿ 26

ಧ್ವಜ ಹಾರಿಸಿ ಬೂಂದಿ ಹಂಚುತ್ತಿದ್ದಾಗ ಸಿದ್ದೀಕಾ ಬಂದರು. ರಜೆ ಎಂದು ತಪ್ಪಿಸಲಿಲ್ಲ. ಐದನೇ ಇಂಜೆಕ್ಷನ್. ಅಟೆಂಡರ್ ಕಾಟಪ್ಪ ಎಂದಿನಂತೆ ತಲೆ ಹಿಡಿದ. ಸಿಂಬಳ ನಿಂತಿದೆ. ಜ್ವರ ಇಲ್ಲ. ಗಂಟು ಹಾಗೇ ಇದೆ — ಕರಗಲು ಸಮಯ ಬೇಕು ಎಂದೆ.

ಫೆಬ್ರವರಿ 19

ಇಲಾಖೆಯ ಸರ್ವೆ. ತಾಲ್ಲೂಕಿನ ಎಲ್ಲ ಕುದುರೆ, ಕತ್ತೆಗಳ ರಕ್ತ ತೆಗೆಯಬೇಕು. ಗ್ಲ್ಯಾಂಡರ್ಸ್ ಇದೆಯೇ ನೋಡಲು. ಕಾಲೇಜಿನಲ್ಲಿ ಎರಡು ಪುಟ ಓದಿದ್ದು, ಕಣ್ಣಲ್ಲಿ ಕಂಡಿಲ್ಲ. ಕುದುರೆಯಿಂದ ಮನುಷ್ಯರಿಗೂ ಬರಬಹುದು. ಲಸಿಕೆ ಇಲ್ಲ. ಚಿಕಿತ್ಸೆ ಕೊಡುವಂತಿಲ್ಲ. ಖಚಿತವಾದರೆ ಕೊಲ್ಲಬೇಕು, ಅದು ಕಾನೂನು.

ರಾತ್ರಿ ಊಟಕ್ಕೆ ಮುಂಚೆ ಆ ಎರಡು ಪುಟ ತೆಗೆದು ಓದಿದೆ. 'ಒಂದೇ ಹೊಳ್ಳೆ.' 'ಗಟ್ಟಿಯಾದ, ನೋವಿಲ್ಲದ ಗಂಟು.' ಪುಸ್ತಕ ಮುಚ್ಚಿಟ್ಟೆ.

ಫೆಬ್ರವರಿ 21

ಒಟ್ಟು ಹತ್ತೊಂಬತ್ತು ಬಾಟಲಿ. ನೂರಿಯದೂ ಸೇರಿ. ಮೈ ಮಿಂಚುತ್ತಿತ್ತು. ಹಿಂದಿನ ದಿನವಷ್ಟೇ ವಿನೋಬನಗರದಲ್ಲಿ ಮೆರವಣಿಗೆ ಮುಗಿಸಿ ಬಂದಿದ್ದಳಂತೆ.

ಮಾರ್ಚ್ 11

ಬೆಂಗಳೂರಿನ ಲ್ಯಾಬಿನಿಂದ ಫೋನ್. ಹತ್ತೊಂಬತ್ತರಲ್ಲಿ ಒಂದು ಪಾಸಿಟಿವ್. ನಂಬರ್ ಹೇಳಿದರು. ಪಟ್ಟಿ ನೋಡುವ ಮೊದಲೇ ಗೊತ್ತಿತ್ತು.

ಮಾರ್ಚ್ 12

ಸಿದ್ದೀಕಾ ಮನೆಗೆ ಹೋದೆ. ಒಂದು ಕೋಣೆ, ಪಕ್ಕಕ್ಕೆ ತಗಡಿನ ಇಳಿಜಾರು. ಅದರಡಿ ನೂರಿ. ಕುದುರೆಯ ಜಾಗವೇ ಮನೆಗಿಂತ ಸ್ವಚ್ಛ. ಮಾಸ್ಕ್, ಗ್ಲೌಸ್ ಹಾಕಿಕೊಂಡೇ ಎರಡನೇ ಸಲ ರಕ್ತ ತೆಗೆದೆ. ಇದು ಹರಿಯಾಣದ ಹಿಸಾರಿನ ಕೇಂದ್ರ ಲ್ಯಾಬಿಗೆ ಹೋಗಬೇಕು, ಕೊನೆಯ ಮಾತು ಅವರದು.

ವಿಷಯ ಹೇಳಿದೆ. ರೋಗದ ಹೆಸರು ಎರಡು ಸಲ ಹೇಳಬೇಕಾಯಿತು.

"ಅಲ್ಲೂ ಹಂಗೇ ಬಂದ್ರೆ?"

"ಇಟ್ಟುಕೊಳ್ಳೋಕೆ ಆಗಲ್ಲ."

"ಆಗಲ್ಲ ಅಂದ್ರೆ? ಎಲ್ಲಿಗೆ ಕಳಿಸ್ತೀರಿ?"

ಹೇಳಿದೆ. ಅವರು ನೂರಿಯ ಕಡೆ ನೋಡಲಿಲ್ಲ, ನನ್ನ ಗ್ಲೌಸ್ ನೋಡುತ್ತಿದ್ದರು.

"ನೀರು ಕುಡಿಸೋಳು ನಾನು, ಮೈ ತಿಕ್ಕೋಳು ನಾನು. ನನಗೇನೂ ಆಗಿಲ್ವಲ್ರಿ. ನೋಡ್ರಿ ಹೆಂಗೆ ತಿಂತಾಳೆ."

"ಹೊರಗೆ ಚೆನ್ನಾಗಿ ಕಂಡರೂ ಒಳಗೆ ಇರುತ್ತೆ."

"ಮತ್ತೆ ಜನವರಿದಾಗ ಥಂಡಿ ಅಂದ್ರಿ?"

"ಆಗ ಥಂಡಿ ಥರಾನೇ ಇತ್ತು."

ಮಾರ್ಚಿನಲ್ಲಿ ಐದು ಮದುವೆ ಒಪ್ಪಿಕೊಂಡಿದ್ದಾರೆ. ಯಾವುದಕ್ಕೂ ಕಳಿಸುವಂತಿಲ್ಲ ಎಂಬ ನೋಟಿಸಿಗೆ ಸಹಿ ಹಾಕಿದರು. ಉರ್ದುವಿನಲ್ಲಿ, ನಿಧಾನವಾಗಿ.

ಏಪ್ರಿಲ್ 2

ಹಿಸಾರ್ ವರದಿ ಬಂತು. ಪಾಸಿಟಿವ್.

ಜಿಲ್ಲಾ ಕಚೇರಿಗೆ ಕಳಿಸುವ ಫಾರ್ಮು ನಾಲ್ಕು ಪುಟ. ಮಾಲೀಕರ ಹೆಸರು, ಪ್ರಾಣಿಯ ಬಣ್ಣ, ಗುರುತು... ಏಳನೇ ಕಾಲಂ: 'ಮಾಲೀಕರು ಈ ಮೊದಲು ರೋಗಲಕ್ಷಣಗಳ ಬಗ್ಗೆ ಆಸ್ಪತ್ರೆಯ ಗಮನಕ್ಕೆ ತಂದಿದ್ದರೇ?'

ಖಾಲಿ ಬಿಟ್ಟು ಕಳಿಸಿದೆ.

ಮನೆಗೆ ಬಂದು ರೇವಂತ್‌ಗೆ ಹೇಳಿದೆ. ಮದುವೆಯಾಗಿ ಹದಿಮೂರು ವರ್ಷದಲ್ಲಿ ಆಸ್ಪತ್ರೆಯ ಮಾತು ಮನೆಗೆ ತಂದಿದ್ದು ಕಡಿಮೆ. ಕಾಲೇಜಿನ ಪೇಪರ್ ತಿದ್ದುತ್ತಾ ಕೂತಿದ್ದ. "ಖಾಲಿ ಬಿಟ್ಟರೆ ಸುಳ್ಳಂತೂ ಅಲ್ಲವಲ್ಲ" ಅಂದ. ಸರಿ ಅನ್ನಿಸಿತು.

ಏಪ್ರಿಲ್ 3

ಹನ್ನೊಂದಕ್ಕೆ ಕಚೇರಿಯಿಂದ ಕೇಸ್ ವರ್ಕರ್ ಫೋನ್. "ಮೇಡಂ, ಏಳನೇ ಕಾಲಂ ಖಾಲಿ ಐತೆ. ಹಿಂಗಿದ್ರೆ ಫೈಲ್ ಮುಂದೆ ಹೋಗಲ್ಲ. ಹೌದೋ ಇಲ್ಲೋ ಅಷ್ಟು ಹೇಳಿಬಿಡ್ರಿ, ನಾನೇ ತುಂಬ್ತೀನಿ."

ಹೌದು ಎಂದರೆ ಮುಂದಿನ ಪ್ರಶ್ನೆ — ಹಾಗಾದರೆ ಸ್ಯಾಂಪಲ್ ಯಾಕೆ ಕಳಿಸಲಿಲ್ಲ? ಅದು ಗೊತ್ತು. ಕೌಂಟರಿನ ಮುಂದೆ ಪಾರ್ವೋ ಸೋಂಕಿನ ನಾಯಿಮರಿ, ರಕ್ತಭೇದಿ, ಹುಡುಗಿಯೊಬ್ಬಳು ಅಳುತ್ತಿದ್ದಳು.

"ಇಲ್ಲ" ಎಂದೆ.

ಎರಡೇ ಅಕ್ಷರ. ನಾಯಿಮರಿಗೆ ಡ್ರಿಪ್ ಹಾಕಿದೆ.

ಏಪ್ರಿಲ್ 7

ಬೆಳಗ್ಗೆ ಏಳಕ್ಕೆ ಊರಾಚೆ. ಜೆಸಿಬಿ ತೋಡಿದ ಗುಂಡಿ, ಹತ್ತು ಅಡಿ. ಸುಣ್ಣದ ಮೂಟೆಗಳು. ಒಬ್ಬ ಪೊಲೀಸ್, ಒಬ್ಬ ಗ್ರಾಮ ಲೆಕ್ಕಿಗ, ಇಲಾಖೆಯ ನಾವು ನಾಲ್ವರು. ಎಲ್ಲರೂ ತಲೆಯಿಂದ ಕಾಲಿನವರೆಗೆ ಬಿಳಿ ಸೂಟಿನಲ್ಲಿ.

ಸಿದ್ದೀಕಾ ತಾವೇ ನಡೆಸಿಕೊಂಡು ಬಂದರು. ನೂರಿಯ ಮೈ ತೊಳೆದಿದ್ದರು. ಹಗ್ಗ ಕಾಟಪ್ಪನ ಕೈಗೆ ಕೊಟ್ಟರು. ಮಾಲೀಕರು ಹತ್ತಿರ ಇರುವಂತಿಲ್ಲ ಎಂದು ಪೊಲೀಸ್ ಹೇಳಿದ. ಹಳೇ ಇಟ್ಟಿಗೆ ಭಟ್ಟಿಯ ಗೋಡೆ ದಾಟಿ ಹೋದರು. ಮನೆಗೆ ಹೋದರು ಎಂದುಕೊಂಡೆ.

7.20. ಮಂಪರು ಬರಿಸುವ ಇಂಜೆಕ್ಷನ್. ತಲೆ ಬಾಗಿತು.
7.28. ಕತ್ತಿನ ನರಕ್ಕೆ ಔಷಧಿ. ಅರ್ಧ ಹೋಗಿತ್ತು, ಸೂಜಿ ನರದಿಂದ ಜಾರಿತು. ಎರಡು ಜೊತೆ ಗ್ಲೌಸ್, ಕನ್ನಡಕದ ಒಳಗೆ ಬೆವರು. ಮುಂಗಾಲು ಮಡಿಸಿ ಬಿದ್ದವಳು ಮತ್ತೆ ಎದ್ದು ನಿಂತಳು. ಕೆನೆದಳು. ಕಾಟಪ್ಪ ಎರಡೂ ತೋಳಿಂದ ಕತ್ತು ತಬ್ಬಿ ಹಿಡಿದ. "ಆತವ್ವ, ಆತು" ಅನ್ನುತ್ತಿದ್ದ.
7.34. ಇನ್ನೊಂದು ಬದಿಯಿಂದ.
7.39. ಎದೆಬಡಿತ ನಿಂತಿತು.

ಹತ್ತೊಂಬತ್ತು ನಿಮಿಷ. ಹತ್ತು ನಿಮಿಷದ ಕೆಲಸ. ವರದಿಯಲ್ಲಿ ಸಮಯ ಬರೆಯುವ ಕಾಲಂ ಇಲ್ಲ.

ಸೂಟು, ಗ್ಲೌಸ್ ಎಲ್ಲ ಸುಟ್ಟೆವು. ಆರೋಗ್ಯ ಇಲಾಖೆಯವರು ನನ್ನದು, ಕಾಟಪ್ಪನದು, ಸಿದ್ದೀಕಾರದು ರಕ್ತ ತೆಗೆದುಕೊಂಡರು. ಮಧ್ಯಾಹ್ನ ಓಪಿಡಿ ಇತ್ತು. ಇಪ್ಪತ್ತಾರು ಕೇಸು.

ಏಪ್ರಿಲ್ 24

ಸುತ್ತಲಿನ ಉಳಿದ ಕುದುರೆಗಳು ಸದ್ಯ ನೆಗೆಟಿವ್. ಇನ್ನೂ ಎರಡು ಸಲ ನೋಡಬೇಕು. ಅಲ್ಲಿಯವರೆಗೆ ಜಿಲ್ಲೆಯಲ್ಲಿ ಕುದುರೆ ಸಾಗಿಸುವಂತಿಲ್ಲ, ಮೆರವಣಿಗೆ ಇಲ್ಲ.

ತಿಪ್ಪೇಶ್ ಬಂದಿದ್ದ. ವಿನೋಬನಗರದವನು, ಎರಡು ಮದುವೆ ಕುದುರೆ ಇಟ್ಟಿದ್ದಾನೆ. ಸೀಜನ್ ಪೂರ್ತಿ ಕೂತು ಮೇಯಿಸಬೇಕಲ್ಲ ಎಂಬ ಸಿಟ್ಟು.

"ಆಯಮ್ಮ ಮುಚ್ಚಿಟ್ಟಾಳ್ರಿ ಮೇಡಂ. ಮೂಗು ಸೋರೋದು ನಾವೇ ನೋಡೀವಿ, ಸಂಕ್ರಾಂತಿ ಆದ್ಮೇಲೆ. ಆಸ್ಪತ್ರೆಗೆ ತೋರಿಸಿದ್ದೆ ಅಂತಾಳೆ. ಡಿ.ಸಿ. ಆಫೀಸ್‌ನಾಗೆ ನಮ್ಮೋನು ಕಾಗದ ನೋಡ್ಯಾನೆ, ತೋರಿಸಿಲ್ಲ ಅಂತ ಬರೆದೈತಂತೆ. ಹೌದಲ್ರಿ?"

"ಫೈಲ್ ವಿಷಯ ನಾನು ಮಾತಾಡೋ ಹಾಗಿಲ್ಲ."

"ಆತು ಬಿಡ್ರಿ, ತಿಳೀತು."

ಏನು ತಿಳಿಯಿತು ಎಂದು ನಾನು ಕೇಳಲಿಲ್ಲ. ಅವನು ಹೋದ ಮೇಲೆ ಕಾಟಪ್ಪ ಟ್ರೇ ಒರೆಸುತ್ತಾ, ನನ್ನ ಕಡೆ ನೋಡದೆ: "ಐದು ದಿನ ಆ ಕುದುರೆ ತಲೆ ಹಿಡಿದೋನು ನಾನೇ ಅಲ್ರಿ ಮೇಡಂ."

"ಹೌದು."

"ಯಾರಾರ ಕೇಳಿದ್ರೆ ಏನಂತ ಹೇಳ್ಲಿ?"

ಕೈ ತೊಳೆಯಲು ಎದ್ದೆ. ಮುಂದಿನ ವರ್ಷ ಅವನ ರಿಟೈರ್‌ಮೆಂಟ್.

ಮೇ 6

ತಿಪ್ಪೇಶ್ ಬಂದು ಹೋದ ಮೇಲೆ ಇಲ್ಲಿ ಏನೂ ಬರೆದಿಲ್ಲ. ಆಡುಗಳ ಲಸಿಕೆ ಶಿಬಿರ ಇತ್ತು. ಅದೊಂದೇ ಕಾರಣವಲ್ಲ.

ಮನುಷ್ಯರ ರಕ್ತದ ವರದಿ ಬಂತು. ಮೂವರದೂ ನೆಗೆಟಿವ್. ಸಿದ್ದೀಕಾರದನ್ನು ಕೊಡಲು ನಾನೇ ಹೋದೆ. ಪರಿಹಾರದ ಅರ್ಜಿಗೂ ಸಹಿ ಬೇಕಿತ್ತು.

ತಗಡಿನಡಿ ಖಾಲಿ. ನೆಲ ಕೆತ್ತಿ ಸುಣ್ಣ ಹಾಕಿದ್ದು ಹಾಗೇ ಇದೆ. ಬಾಗಿಲ ಒಂದು ಕಡೆಯ ಹಲಗೆ ಒಡೆದಿತ್ತು. ಏನಾಯಿತು ಎಂದೆ.

"ಕುದುರೆ ಮಂದಿ ಬಂದಿದ್ರು. ತಿಪ್ಪೇಶಿ, ಇನ್ನೂ ಮೂರು ಜನ. ನಿನ್ನಿಂದ ನಮ್ಮ ಹೊಟ್ಟೆ ಮ್ಯಾಲೆ ಬರೆ ಬಿತ್ತು, ಕಳ್ಳಿ ಅಂದ್ರು. ನಾನು ತೋರಿಸಿದ್ದೆ ಅಂದೆ. ಚೀಟಿ ಎಲ್ಲೈತೆ ತೋರಿಸು ಅಂದ್ರು." ಒಲೆಯ ಮುಂದೆ ಕೂತಿದ್ದರು, ಎದ್ದು ಬಂದರು. "ಚೀಟಿ ಎಲ್ಲಿಂದ ತರ್ಲಿ?"

ವರದಿ ಕೊಟ್ಟೆ. ನಿಮಗೆ ಏನೂ ಇಲ್ಲ ಎಂದೆ. ಅವರು ಅದನ್ನು ಮಡಿಸಿ ಕೈಯಲ್ಲೇ ಇಟ್ಟುಕೊಂಡರು.

"ಒಂದು ಮಾತು ಕೇಳ್ತೀನ್ರಿ. ಅದಕ್ಕೆ ನೋವಾತೇನು?"

"ಇಲ್ಲ. ನಿದ್ದೆ ಬಂದ ಹಾಗೆ ಹೋಯಿತು."

"ನಾನು ಭಟ್ಟಿ ಗ್ವಾಡೆ ಹಿಂದೇ ನಿಂತಿದ್ದೆ ಡಾಕ್ಟರಮ್ಮ. ಅದು ಕೂಗಿದ್ದು ಕೇಳೈತೆ."

ಹೊಸ್ತಿಲ ಮೇಲೆ ಕೂತೆ. ನಿಂತು ಹೇಳುವ ಮಾತಾಗಿರಲಿಲ್ಲ. ಸೂಜಿ ಜಾರಿದ್ದು, ನೂರಿ ಎದ್ದು ನಿಂತಿದ್ದು, ಕಾಟಪ್ಪ ತಬ್ಬಿದ್ದು, ಹತ್ತೊಂಬತ್ತು ನಿಮಿಷ. ಎಲ್ಲ ಹೇಳಿದೆ. ಆಮೇಲೆ ಜನವರಿಯದು. ಗಂಟು ನೋಡಿ ಅನುಮಾನ ಬಂದಿತ್ತು, ಮೀಟಿಂಗಿಗೆ ಹೊತ್ತಾಗಿತ್ತು, ಶೀತ ಎಂದು ಬರೆದೆ. ಆಗಲೇ ಆ ರೋಗ ಇತ್ತೋ ಇಲ್ಲವೋ ಯಾರೂ ಹೇಳಲಾರರು, ಗೊತ್ತಾಗಿದ್ದರೂ ಕೊಲ್ಲಲೇಬೇಕಿತ್ತು — ಅದನ್ನೂ ಹೇಳಿದೆ. ಕೊನೆಗೆ ಏಳನೇ ಕಾಲಂ.

ಕೈಯಲ್ಲಿದ್ದ ವರದಿಯನ್ನು ಇನ್ನೊಂದು ಮಡಿಕೆ ಮಡಿಸಿದರು. ಬೈದಿದ್ದರೆ ಸುಲಭವಿತ್ತು.

"ಕುದುರೆ ಸತ್ತಿದ್ದಕ್ಕೆ ನಿಮ್ಮನ್ನ ಏನೂ ಅನ್ನಲ್ರಿ. ಜಡ್ಡು ಬಂತು, ಹೋತು. ಆರು ವರ್ಷ ಅದರ ಅನ್ನ ಉಂಡೀನಿ. ಆದ್ರೆ ನಾನು ಐದು ದಿನ ಬಿಸಿಲಾಗೆ ನಡೆಸ್ಕೊಂಡು ಬಂದಿದ್ದೆ ಡಾಕ್ಟರಮ್ಮ. ಅದನ್ನ ಯಾಕ ಇಲ್ಲ ಅಂದ್ರಿ?"

"ತಪ್ಪಾಯಿತು."

"ತಪ್ಪಾತು ಅಂತ ನನಗೆ ಹೇಳಿದ್ರೆ ಈ ಓಣಿಗೆ ಕೇಳ್ಸುತ್ತೇನ್ರಿ?"

"ಏನು ಮಾಡ್ಲಿ ಹೇಳಿ."

"ನನಗ್ಯಾಕ ಕೇಳ್ತೀರಿ? ಬರೆದೋರು ನೀವು."

ಪರಿಹಾರದ ಅರ್ಜಿಗೆ ಸಹಿ ಹಾಕಲಿಲ್ಲ. ಅದರಲ್ಲೂ ಆ ಕಾಲಂ ಇದೆಯೇ ಎಂದು ಕೇಳಿದರು. ಇದೆ. ಮೊದಲು ಅದು ಸರಿ ಮಾಡ್ರಿ, ಆಮೇಲೆ ನೋಡೋಣ ಅಂದರು.

ಮೇ 7

ಕಾಲಂ ತಿದ್ದಲು ಪತ್ರ ಬರೆಯುತ್ತೇನೆ ಎಂದು ರೇವಂತ್‌ಗೆ ಹೇಳಿದೆ. ಅವನು: "ಮೆಮೊ ಬರುತ್ತೆ. ವಿಚಾರಣೆ ಮಾಡಬಹುದು. ಪ್ರಮೋಷನ್ ಪಟ್ಟಿಯಲ್ಲಿ ಇದ್ದೀಯ ಈ ವರ್ಷ." ಆಮೇಲೆ: "ಖಾಲಿ ಬಿಟ್ಟರೆ ಸುಳ್ಳಲ್ಲ ಅಂತ ನಾನೇ ಅಂದಿದ್ದು. ಅದು ಸರಿ ಇರಲಿಲ್ಲ."

ಇಬ್ಬರೂ ಉಂಡೆವು. ಕೆಳಗಿನ ಮನೆಯವರು ತಾವು ಸಾಕಿದ ಕಾಕಟೀಲ್ ಗಿಳಿ ತಂದರು, ಗರಿ ಕಿತ್ತುಕೊಳ್ಳುತ್ತಿದೆಯಂತೆ. ನೋಡಿದೆ. ಹೇನು.

ಮೇ 9

ಓಪಿಡಿ ಮೂವತ್ತೊಂದು. ಮುಗಿದ ಮೇಲೆ ಬೀರು ತೆರೆದು ಜನವರಿಯ ರಿಜಿಸ್ಟರ್ ತೆಗೆದೆ. ಐದು ದಿನ, ಐದು ಸಾಲು, ನನ್ನದೇ ಅಕ್ಷರ. ಕಾಟಪ್ಪ ಜೆರಾಕ್ಸ್ ಮಾಡಿಸಿಕೊಂಡು ಬಂದ, ಎರಡೆರಡು ಪ್ರತಿ. "ಒಂದು ಆಫೀಸಿಗೆ, ಒಂದು ಆಯಮ್ಮಂಗೆ, ಅಲ್ರಿ?" ಅಂದ. ಸಾಕ್ಷಿ ಎಂದು ತನ್ನ ಹೆಸರೂ ಹಾಕಿ ಎಂದ. ಬೇಡ ಎಂದೆ. ಹಾಕಿ ಎಂದ.

ಪತ್ರದ ಕರಡು ಮೊದಲು ಇಲ್ಲೇ ಬರೆಯುತ್ತೇನೆ. ಆಫೀಸಿನ ಹಾಳೆ ಮೂರು ಹರಿದಾಯಿತು.

ಮಾನ್ಯರೇ,
ಏಪ್ರಿಲ್ 3ರಂದು ಏಳನೇ ಕಾಲಂಗೆ ನಾನು ಫೋನಿನಲ್ಲಿ ಕೊಟ್ಟ ಉತ್ತರ ಸುಳ್ಳು. ಮಾಲೀಕರಾದ ಸಿದ್ದೀಕಾ ಅವರು ಜನವರಿ 22ರಂದೇ ಕುದುರೆಯನ್ನು ಆಸ್ಪತ್ರೆಗೆ ತಂದು, ಲಕ್ಷಣಗಳನ್ನೆಲ್ಲ ಸರಿಯಾಗಿ ಹೇಳಿದ್ದರು. ಸತತ ಐದು ದಿನ ಬಂದಿದ್ದರು. ಅವರು ಏನನ್ನೂ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟವಳು ನಾನು.